ದೊರೆಗೆ ಆರು ಇಂಚು, ನನಗೆ ನಾಲ್ಕು

ಇಂದ:
ಅಕೆನೆತಾ ವುಲಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಚರ್ಚಿನ ಹಿಂದಿನ ಮನೆ, ನಾವುನಿಕಾವು ಗ್ರಾಮ, ಫಿಜಿ.

ಗೆ:
ಶ್ರೀಮತಿ ತೊರಿಕಾ ಅವರು,
ಅಧಿಕಾರಿಗಳು, ರೋಗಿಗಳ ಸಲಕರಣೆ ಉಗ್ರಾಣ,
ಆಸ್ಪತ್ರೆಯ ಹಿಂಬದಿ (ಬೆಲ್ ಇಲ್ಲ, ಬಾಗಿಲು ತಟ್ಟಬೇಕು).

ವಿಷಯ: ಸೊಂಟದ ಶಸ್ತ್ರಚಿಕಿತ್ಸೆಯ ನಂತರ ನನಗೆ ಎರವಲು ಕೊಟ್ಟಿದ್ದ, ಕಮೋಡಿನ ಮೇಲೆ ಕೂರಿಸುವ ನಾಲ್ಕು ಇಂಚು ಎತ್ತರದ ಆಸನವನ್ನು ಹಿಂದಿರುಗಿಸಲಾಗದ ಬಗ್ಗೆ, ಹಾಗೂ ಆರು ಇಂಚಿನದೊಂದನ್ನು, ಹೆಸರು ಹೇಳಲಾಗದ ಒಬ್ಬ ಗಣ್ಯರಿಗೆ, ಯಾವ ಪ್ರಶ್ನೆಯನ್ನೂ ಕೇಳದೆ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ:
೧. ತಮ್ಮ ಕಚೇರಿಯ ಜ್ಞಾಪನ ಪತ್ರ. ಮೇಲೆ ಕೆಂಪು ಶಾಯಿಯಲ್ಲಿ 'ಕೊನೆಯ ಸೂಚನೆ' ಎಂದಿದೆ. ಮೊದಲ ಸೂಚನೆ ನನಗೆ ತಲುಪಿಲ್ಲ.
೨. ತಮ್ಮ ವ್ಯಾನಿನ ಚಾಲಕನಿಗೆ ನಾನು ಬಾಯಿಮಾತಿನಲ್ಲಿ ಕೊಟ್ಟ ವಿವರಣೆ. ಅವನು ನಗು ತಡೆಯಲಾಗದೆ ಸ್ಟಿಯರಿಂಗಿನ ಮೇಲೆ ತಲೆಯಿಟ್ಟುಬಿಟ್ಟದ್ದರಿಂದ ಅದು ತಮಗೆ ಪೂರ್ತಿ ತಲುಪಿರಲಾರದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

೧. ಸದರಿ ಆಸನವನ್ನು ನಾನು ಸಹಿ ಹಾಕಿ ಪಡೆದದ್ದು ನಿಜ. ಬಿಳಿಯ ಬಣ್ಣದ್ದು, ಎರಡೂ ಕಡೆ ಹಿಡಿಕೆ ಇರುವಂಥದ್ದು. ಅದನ್ನು ಕೊಡುವಾಗ ಡಾಕ್ಟರು ನನಗೆ ಬೆರಳು ತೋರಿಸಿ ಹೇಳಿದ್ದರು: "ತಗ್ಗಿನಲ್ಲಿ ಕೂರಕೂಡದು. ಚಕ್ಕಳಮಕ್ಕಳ ಹಾಕಕೂಡದು. ಬಗ್ಗಕೂಡದು. ಹೊಸ ಕೀಲು ಜಾರಿದರೆ ಮತ್ತೆ ಕೊಯ್ಯಬೇಕಾಗತ್ತೆ. ಎರಡನೇ ಸಲ ಕೊಯ್ದರೆ ನೀವು ನಡೀತೀರಿ ಅಂತ ನಾನು ಮಾತು ಕೊಡಲಾರೆ." ನಲವತ್ತು ವರ್ಷ ಮಕ್ಕಳಿಗೆ ಬೆರಳು ತೋರಿಸಿದವಳು ನಾನು. ಆದರೂ ತೆಪ್ಪಗೆ ಕೇಳಿಸಿಕೊಂಡೆ, ಏಕೆಂದರೆ ಭಯವಾಗಿತ್ತು.

೨. ಈಗ ಆ ಆಸನ ನನ್ನ ಬಳಿ ಇಲ್ಲ. ಕಳೆದುಹೋಗಿಲ್ಲ, ಮುರಿದಿಲ್ಲ, ಮಾರಿಲ್ಲ. ಅದು ಒಬ್ಬ ಗಣ್ಯರ ಬಳಿ ಸುರಕ್ಷಿತವಾಗಿದೆ. ಅವರ ಮರ್ಯಾದೆಯ ಪ್ರಶ್ನೆಯಾದ್ದರಿಂದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ನಮ್ಮೂರಿನ ದೊರೆ. ನಮ್ಮೂರಿಗೆ ಒಬ್ಬರೇ ದೊರೆ.

೩. ಹಿನ್ನೆಲೆ ಹೀಗಿದೆ. ನಾನಿನ್ನೂ ಆಸ್ಪತ್ರೆಯಲ್ಲಿದ್ದಾಗಲೇ ದೊರೆ ಸಭೆಯಲ್ಲಿ ಯಂಗೋನ ಬೇರಿನ ಪಾನೀಯದ ಬಟ್ಟಲನ್ನು ಮುಟ್ಟದೆ ಹಿಂದಕ್ಕೆ ಕಳಿಸಲು ಶುರುಮಾಡಿದ್ದರು. ಮೊದಲ ಬಟ್ಟಲು ದೊರೆ ಕುಡಿಯದೆ ಸಭೆ ನಡೆಯುವುದೆಂದರೇನು? ಊರಿನ ಕೈಕಾಲು ಆಡಲಿಲ್ಲ. ಯಾರೋ ಏನೋ ತಪ್ಪು ಮಾಡಿದ್ದಾರೆ, ದೊರೆಗೆ ಸಿಟ್ಟು ಬಂದಿದೆ ಎಂದು ಗುಸುಗುಸು ಎದ್ದಿತು. ನಿಷೇಧಿತ ದಂಡೆಯಲ್ಲಿ ಮೀನು ಹಿಡಿದವನೊಬ್ಬ ತಾನಾಗಿಯೇ ಬಂದು ಅತ್ತುಕೊಂಡು ಒಪ್ಪಿಕೊಂಡ. ಚರ್ಚಿನ ತಗಡು ಹೊತ್ತುಕೊಂಡು ಹೋಗಿದ್ದವನು ತಗಡು ಸಮೇತ ಬಂದ. ದೊರೆ ಇಬ್ಬರನ್ನೂ ಕ್ಷಮಿಸಿದರು, ಬಟ್ಟಲು ಮಾತ್ರ ಮುಟ್ಟಲಿಲ್ಲ.

೪. ನಾನು ಮನೆಗೆ ಬಂದ ವಾರ ಅವರು ನನ್ನನ್ನು ನೋಡಲು ಬಂದರು, ಹಿಂದೆ ಹಿರಿಯರ ದಂಡು. ಎಲ್ಲರೂ ಚಾಪೆಯ ಮೇಲೆ ಕೂತರು. ದೊರೆಗಿಂತ ಎತ್ತರದಲ್ಲಿ ಯಾರೂ ಕೂರುವುದಿಲ್ಲವೆಂದು ತಮಗೆ ನಾನು ಹೇಳಿಕೊಡಬೇಕಿಲ್ಲ. ನಾನೊಬ್ಬಳು, ಡಾಕ್ಟರ ಅಪ್ಪಣೆಯ ಮೇರೆಗೆ, ಕುರ್ಚಿಯ ಮೇಲೆ ಗೊಂಬೆಯಂತೆ ಕೂತಿದ್ದೆ. ನಾಚಿಕೆಯಿಂದ ಸತ್ತೇಹೋದಂತಾಯಿತು. ಇಳಿಯಲು ಹೋದೆ.

"ಸುಮ್ನೆ ಕೂತ್ಕೋ ಮಾರಾಯ್ತಿ," ಎಂದರು ದೊರೆ. "ಆ ಕಬ್ಬಿಣ ಕಳಚಿಕೊಂಡ್ರೆ ನಿನ್ನನ್ನ ಎತ್ತೋರು ಯಾರು?"

ನಿಂಬೆ ಎಲೆಯ ಚಹಾ ಕೊಡಿಸಿದೆ. ಎಲ್ಲರೂ ಕುಡಿದರು. ದೊರೆ ಲೋಟವನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ ಕೆಳಗಿಟ್ಟರು. ಹೊರಡುವ ಹೊತ್ತಿಗೆ ಹಿರಿಯರಿಗೆ, "ನೀವು ನಡೀತಾ ಇರಿ, ಶಾಲೆ ಮಾಡಿನ ಬಗ್ಗೆ ಟೀಚರಮ್ಮನ ಹತ್ರ ಒಂದು ಮಾತಿದೆ," ಎಂದರು. ಶಾಲೆಯ ಮಾಡು ಚೆನ್ನಾಗಿಯೇ ಇದೆ.

ಎಲ್ಲರೂ ಹೋದ ಮೇಲೆ ಅವರು ನೆಲಕ್ಕೆ ಕೈಯೂರಿದರು. ಎದ್ದರು ಎನ್ನುವಷ್ಟರಲ್ಲಿ ಕುಸಿದರು. ಮತ್ತೊಮ್ಮೆ ಊರಿದರು, ಮತ್ತೆ ಕುಸಿದರು. ಜೀವಮಾನವಿಡೀ ಚಾಪೆಯ ಮೇಲೆ ಕಾಲು ಮಡಚಿ ಊರಿನ ಜಗಳ ಬಗೆಹರಿಸಿದ ಮಂಡಿಗಳು ಅವು. ಅವರು ಏಳಲಾರರು, ನಾನು ಬಗ್ಗಲಾರೆ. ಒಂದೇ ಶಾಲೆಯಲ್ಲಿ ಓದಿದವರು, ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದೆವು.

"ನಗಬೇಡ," ಎಂದರು.

"ನಗ್ತಿಲ್ಲ, ದೊರೆ."

"ನಿನ್ನ ಹೊಟ್ಟೆ ಕುಣೀತಿದೆ."

ನಾನು ನನ್ನ ವಾಕರನ್ನು ಅವರ ಮುಂದೆ ನೂಕಿ, ಈ ಕಡೆಯಿಂದ ಭಾರ ಕೊಟ್ಟು ಹಿಡಿದೆ. ಅವರು ಅದನ್ನು ಹಿಡಿದು ಎದ್ದರು. ವಾಕರೂ ತಮ್ಮ ಉಗ್ರಾಣದ್ದೇ ಆದ್ದರಿಂದ, ಸದರಿ ದಿನ ಅದನ್ನು ನಿಯಮಬಾಹಿರವಾಗಿ ಬಳಸಲಾಯಿತೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ಬಾಗಿಲ ಬಳಿ ಅವರು ಅಂಗಳದ ತುದಿಯ ಕಕ್ಕಸಿನ ಕಡೆ ನೋಡದೆಯೇ ನೋಡಿದರು.

"ನಿನ್ನ ಸಣ್ಣ ಮನೆಗೆ ಅದೇನೋ ಹೊಸ ಕುರ್ಚಿ ಬಂದಿದೆಯಂತೆ."

"ಬಂದಿದೆ, ದೊರೆ."

"ಎತ್ತರವಾ?"

"ಎತ್ತರ. ಏಳೋದು ಸಲೀಸು. ಹಿಡ್ಕೊಳ್ಳೋಕೆ ಎರಡೂ ಕಡೆ ಹಿಡಿ ಇದೆ."

"ಹೂಂ," ಎಂದರು. "ಮಳೆ ಬರೋ ಹಾಗಿದೆ." ಆಕಾಶದಲ್ಲಿ ಒಂದು ಮೋಡವಿರಲಿಲ್ಲ.

೫. ಬಟ್ಟಲಿನ ಸಂಗತಿ ನನಗೆ ಆಗ ಅರ್ಥವಾಯಿತು. ಕುಡಿದರೆ ಹೋಗಬೇಕು. ಹೋದರೆ ಕೂರಬೇಕು. ಕೂತರೆ ಏಳಬೇಕು. ಏಳಲು ಆಗದ ಕಾರಣ, ಕೂಗಿ ಕರೆಯಲು ದೊರೆತನ ಅಡ್ಡಬಂದ ಕಾರಣ, ಅವರು ಕುಡಿಯುವುದನ್ನೇ ಬಿಟ್ಟಿದ್ದರು. ತುಟಿ ಒಡೆದುಹೋಗಿತ್ತು. ಊರೆಲ್ಲ ಅದನ್ನು ಸಿಟ್ಟು ಎಂದುಕೊಂಡಿತ್ತು.

೬. ಕೆಲವು ದಿನಗಳಲ್ಲಿ ದೊರೆಯ ವಕ್ತಾರ ಸೈರೂಸಿ, ಇಬ್ಬರು ಹಿರಿಯರೊಂದಿಗೆ, ಗರಿಗರಿ ಅಂಗಿ ತೊಟ್ಟು ನನ್ನ ಹೊಸ್ತಿಲಲ್ಲಿ ಮಂಡಿಯೂರಿದ. ಕೈಯಲ್ಲಿ ತಂಬುವಾ: ತಿಮಿಂಗಿಲದ ಹಲ್ಲು, ತೆಂಗಿನ ನಾರಿನ ಹಗ್ಗ, ಅಜ್ಜಂದಿರ ಕಾಲದಿಂದ ಎಣ್ಣೆ ಹಚ್ಚಿ ಹಚ್ಚಿ ಜೇನುಬಣ್ಣಕ್ಕೆ ತಿರುಗಿದ್ದು. ಇಂಥ ಹಲ್ಲನ್ನು ಹೆಣ್ಣು ಕೇಳಲು ತರುತ್ತಾರೆ, ಯುದ್ಧದಲ್ಲಿ ಜೊತೆ ಬೇಡಲು ತರುತ್ತಿದ್ದರಂತೆ. ಅದನ್ನು ಕೈಯಲ್ಲಿ ತೆಗೆದುಕೊಂಡವರು ಕೇಳಿದ್ದನ್ನು ಇಲ್ಲ ಎನ್ನುವಂತಿಲ್ಲ.

ಸೈರೂಸಿ ಗಂಟಲು ಸರಿಮಾಡಿಕೊಂಡು, "ಈ ಮನೆಯ ಕಂಬಗಳಿಗೆ ಶರಣು. ಇಲ್ಲಿ ಬಾಳಿದ ಹಿರಿಯರಿಗೆ ಶರಣು. ದೊಡ್ಡಮನೆಯಿಂದ ಹೊರಟ ಈ ಬಡ ಹಲ್ಲು, ತಾವು ಹಿತ್ತಿಲ ಕಡೆ ಇರಿಸಿಕೊಂಡಿರುವ ಆ ಬಿಳಿಯ ವಸ್ತುವನ್ನು ಅರಸಿ ಬಂದಿದೆ," ಎಂದ. ಹಿರಿಯರಲ್ಲೊಬ್ಬರು ಮಾಡನ್ನು ನೋಡತೊಡಗಿದರು.

"ಬಿಳಿ ವಸ್ತು ಅಂದ್ರೆ ಯಾವುದಪ್ಪಾ? ಫ್ರಿಜ್ಜಾ?" ಎಂದೆ.

ಸೈರೂಸಿ ಪಿಸುಗುಟ್ಟಿದ: "ಟೀಚರಮ್ಮ, ಕಾಡಿಸಬೇಡಿ. ನಿಮಗೂ ಗೊತ್ತು, ನನಗೂ ಗೊತ್ತು. ಈ ಬಾಯಲ್ಲಿ ಅದರ ಹೆಸರು ಹೇಳಿಸಬೇಡಿ."

ನಾನು ಹಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಆಸನವನ್ನು ತೊಳೆದು, ಚಿತ್ತಾರದ ನಾರುಬಟ್ಟೆಯಲ್ಲಿ ಸುತ್ತಿ, ಇಬ್ಬರು ಹೆಗಲ ಮೇಲೆ ಹೊತ್ತು ಹೋದರು. ದಾರಿಯಲ್ಲಿದ್ದವರು ಏನೋ ಪವಿತ್ರವಾದದ್ದು ಹೋಗುತ್ತಿದೆಯೆಂದು ತಟ್ಟನೆ ನೆಲಕ್ಕೆ ಕೂತು ತಲೆತಗ್ಗಿಸಿದರು. ಅದೇ ವಾರದ ಸಭೆಯಲ್ಲಿ ದೊರೆ ಮೊದಲ ಬಟ್ಟಲನ್ನು ಒಂದೇ ಉಸಿರಿಗೆ ಕುಡಿದು ಮುಗಿಸಿದರಂತೆ. ಊರಿಡೀ ಚಪ್ಪಾಳೆ. ತಗಡು ಹಿಂದಿರುಗಿಸಿದವನು ಮಾತ್ರ ಸುಮ್ಮನೆ ಅವಸರಪಟ್ಟೆನೆಂದು ಇವತ್ತಿಗೂ ಕೊರಗುತ್ತಿದ್ದಾನೆ.

೭. ಇತ್ತ ನನ್ನ ಸ್ಥಿತಿ. ನನ್ನ ಸೋದರಮಾವನ ಮಗ ಪೆನೈಯಾ ಬಡಗಿ. ನನ್ನನ್ನು ರೇಗಿಸುವುದು ಅವನ ಹುಟ್ಟುಹಕ್ಕು, ಬೈಯುವುದು ನನ್ನದು. ಅವನು ಪ್ಲಾಸ್ಟಿಕ್ ಕುರ್ಚಿಯೊಂದಕ್ಕೆ ತೂತು ಕೊರೆದು ಕಮೋಡಿನ ಮೇಲೆ ನಿಲ್ಲಿಸಿಕೊಟ್ಟ. ಮೊದಲ ಸಂಜೆಯೇ ಅದರ ಒಂದು ಕಾಲು ಲಟಕ್ಕೆಂದು ಮುರಿದು, ನಾನು ಗೋಡೆಗೂ ಕುರ್ಚಿಗೂ ನಡುವೆ ಸಿಕ್ಕಿಕೊಂಡೆ. ಪಕ್ಕದ ಚರ್ಚಿನಲ್ಲಿ ಹಾಡಿನ ಅಭ್ಯಾಸ ನಡೆದಿತ್ತು. ಕೂಗಿದೆ. ನಾನೂ ದನಿಗೂಡಿಸುತ್ತಿದ್ದೇನೆಂದುಕೊಂಡು ಅವರು ಇನ್ನೂ ಜೋರಾಗಿ ಹಾಡಿದರು. ಹಾಡು ಮುಗಿದ ಮೇಲೂ ನನ್ನ ದನಿ ನಿಲ್ಲದ್ದರಿಂದ ಹೆಂಗಸರು ಓಡಿಬಂದು ಬಿಡಿಸಿದರು.

ಪೆನೈಯಾ ಬಂದು ಕುರ್ಚಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ನಾನು ಕೊರೆದ ತೂತು ಸರಿಯಾಗೇ ಇದೆ. ಕೂತೋಳ ಅಳತೆ ತಪ್ಪಿದೆ," ಎಂದ.

"ನಿನ್ನ ಮುಖಕ್ಕಿಷ್ಟು! ನನ್ನ ಕೀಲು ಜಾರಿದ್ರೆ ನೀನು ಹೊತ್ಕೊಂಡು ತಿರುಗ್ತಿದ್ಯೇನೋ?"

ಅವನು ಕುರ್ಚಿಯನ್ನು ಪಕ್ಕಕ್ಕಿಟ್ಟು ನನ್ನ ವಾಕರಿನ ತಿರುಪುಗಳನ್ನು ಒಂದೊಂದಾಗಿ ಬಿಗಿಮಾಡತೊಡಗಿದ. ಯಾವಾಗಲೂ ರೇಗಿಸುವವನು ಹಾಗೆ ಮಾಡಿದ್ದಕ್ಕೆ ನನಗೆ ನಿಜಕ್ಕೂ ಹೆದರಿಕೆಯಾಯಿತು.

೮. ಆದ ಕಾರಣ ನಾನೂ ಚಹಾ ಬಿಟ್ಟಿದ್ದೇನೆ. ನೀರನ್ನು ನಾಲಿಗೆ ಒದ್ದೆಯಾಗುವಷ್ಟೇ ಕುಡಿಯುತ್ತೇನೆ. ಸಂಜೆ ಹೊತ್ತು ತಲೆ ಸುತ್ತುತ್ತದೆ. ಹಿತ್ತಿಲಿನ ನಿಂಬೆಗಿಡ ಚಿಗುರಿ ನಿಂತಿದೆ, ನಾನು ಅದರ ಕಡೆ ಮುಖ ಹಾಕುತ್ತಿಲ್ಲ. ದೊರೆಯ ಬಾಯಾರಿಕೆ ನನ್ನ ಮನೆಗೆ ವರ್ಗವಾಗಿ ಬಂದಿದೆ ಎನ್ನಬಹುದು.

೯. 'ಹಾಗಾದರೆ ಕೊಟ್ಟದ್ದನ್ನು ಹಿಂದಕ್ಕೆ ಕೇಳಿ' ಎಂದು ತಮ್ಮ ಚಾಲಕ ಸಲಹೆ ಕೊಟ್ಟ. ಅವನು ಪೇಟೆಯಲ್ಲಿ ಬೆಳೆದ ಹುಡುಗ, ಬಿಟ್ಟುಬಿಡೋಣ. ಅದೂ ಅಲ್ಲದೆ ಹಿಂದಕ್ಕೆ ಬಂದರೆ ಅವರು ಮತ್ತೆ ಬಟ್ಟಲು ಬಿಡುತ್ತಾರೆ. ಆ ಒಡೆದ ತುಟಿಯನ್ನು ಎರಡನೇ ಸಲ ನಾನು ನೋಡಲಾರೆ. 'ನಿಮಗೇ ಇನ್ನೊಂದು ನಾಲ್ಕು ಇಂಚಿನದು ಕೊಟ್ಟರೆ?' ಎಂದೂ ಕೇಳಿದ. ಒಬ್ಬ ರೋಗಿಗೆ ಒಂದೇ ಎಂಬುದು ತಮ್ಮ ನಿಯಮ. ಇನ್ನು ದೊರೆಯೂ ನಾನೂ ಸಮಸಮ ಎತ್ತರದಲ್ಲಿ ಕೂರುವುದು ನಮ್ಮ ನಿಯಮಕ್ಕೆ ಹೊಂದುವುದಿಲ್ಲ. ಯಾರೂ ನೋಡುವುದಿಲ್ಲ ನಿಜ. ನನಗೆ ಗೊತ್ತಿರುತ್ತದಲ್ಲ.

೧೦. ನಾನು ತಮ್ಮ ಉಗ್ರಾಣದಲ್ಲಿ ಸರದಿ ಕಾಯುತ್ತಿದ್ದಾಗ, ಮೇಲಿನ ಹಲಗೆಯಲ್ಲಿ ಆರು ಇಂಚಿನ ಆಸನವೊಂದು ಧೂಳು ತಿನ್ನುತ್ತ ಕೂತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಹೆಸರು ಹೇಳಲಾಗದ ಗಣ್ಯರು ಎತ್ತರದ ಆಳು. ಅವರಿಗೆ ನಾಲ್ಕು ಇಂಚು ವೈದ್ಯಕೀಯವಾಗಿಯೂ ಕಡಿಮೆಯೇ.

ಆದ್ದರಿಂದ ತಾವು ದಯಮಾಡಿ:

ಅ) ಸದರಿ ಆರು ಇಂಚಿನ ಆಸನವನ್ನು ಅವರಿಗೆ ಮಂಜೂರು ಮಾಡಬೇಕು. ಅದು ಅಲ್ಲಿ ತಲುಪಿದೊಡನೆ ನಾಲ್ಕು ಇಂಚಿನದು ತಾನಾಗಿ ನನ್ನ ಮನೆಗೆ ಇಳಿದು ಬರುತ್ತದೆ. ದೊಡ್ಡಮನೆಯಿಂದ ಇಳಿದು ಬಂದದ್ದನ್ನು ನಾವು ತೆಗೆದುಕೊಳ್ಳಬಹುದು, ಅದಕ್ಕೆ ಹಲ್ಲು ಬೇಕಿಲ್ಲ. ನನ್ನ ಕೀಲು ಗಟ್ಟಿಯಾದ ದಿನ ನಾಲ್ಕು ಇಂಚಿನದನ್ನು ನಾನೇ ತೊಳೆದು ತಂದು ತಮ್ಮ ಮುಂದಿಡುತ್ತೇನೆ.

ಆ) ರೋಗಿ ಖುದ್ದು ಹಾಜರಾಗಬೇಕೆಂಬ ನಿಯಮವನ್ನು ಸಡಿಲಿಸಬೇಕು. ನಮೂನೆಯಲ್ಲಿ 'ಕೂತ ಮೇಲೆ ಏಳಲು ಕಷ್ಟವೇ? ಹೌದು/ಇಲ್ಲ' ಎಂಬ ಪ್ರಶ್ನೆ ಇದೆ. ಅದನ್ನು ಅವರ ಮುಖ ನೋಡಿ ಕೇಳುವವರು ಈ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. 'ಉದ್ದೇಶ' ಎಂಬಲ್ಲಿ 'ಗ್ರಾಮಾಭಿವೃದ್ಧಿ' ಎಂದು ಬರೆದುಕೊಳ್ಳಬಹುದು.

ಇ) ನನ್ನ ವಾಕರನ್ನು ಈ ಗಲಾಟೆಯಲ್ಲಿ ವಾಪಸು ಕೇಳಬಾರದು.

ಕೂತು ಬರೆದರೆ ಏಳುವ ಚಿಂತೆಯಾದ್ದರಿಂದ ಇಷ್ಟನ್ನೂ ನಿಂತೇ ಬರೆದಿರುವ,

ತಮ್ಮ ವಿಶ್ವಾಸಿ,
ಅಕೆನೆತಾ ವುಲಿ

ಅಡಕಗಳು:
೧. ತಮ್ಮ ಕೊನೆಯ ಸೂಚನೆ. ಇದನ್ನು ಮೊದಲನೆಯದೆಂದು ತಿದ್ದಿಕೊಳ್ಳಬೇಕು.
೨. ಪ್ಲಾಸ್ಟಿಕ್ ಕುರ್ಚಿಯ ಮುರಿದ ಕಾಲು, ಸಾಕ್ಷಿಗಾಗಿ.
೩. ತಂಬುವಾ, ಒಂದು. ಬಿಸ್ಕತ್ತಿನ ಡಬ್ಬಿಯಲ್ಲಿ, ಹಗ್ಗ ಸಮೇತ.

ವಿಶೇಷ ಸೂಚನೆ: ಡಬ್ಬಿ ತೆರೆದು ಹಲ್ಲನ್ನು ಮೊದಲು ತಮ್ಮ ಎರಡೂ ಕೈಗೆ ಕೊಟ್ಟು, ಆಮೇಲಷ್ಟೇ ಈ ಅರ್ಜಿಯನ್ನು ಕೊಡಬೇಕೆಂದು ಪೆನೈಯಾನಿಗೆ ಹೇಳಿ ಕಳಿಸಿದ್ದೇನೆ. ತಾವು ಇದನ್ನು ಓದುತ್ತಿದ್ದೀರಿ ಎಂದರೆ ತಾವು ಅದನ್ನು ಆಗಲೇ ತೆಗೆದುಕೊಂಡಾಗಿದೆ. ತಾವು ನಮ್ಮ ಕರಾವಳಿಯ ಮನೆಮಗಳೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ, ಆದ್ದರಿಂದ ಮುಂದಿನದನ್ನು ವಿವರಿಸುವುದಿಲ್ಲ. ಆರು ಇಂಚಿನದರ ಧೂಳು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಇದೇ ಆಳಿನ ಕೈಯಲ್ಲಿ ಕೊಟ್ಟು ಕಳಿಸಬೇಕಾಗಿ ಕೋರುತ್ತೇನೆ. ನಿಂಬೆ ಎಲೆ ಕೊಯ್ದಿಟ್ಟಿದ್ದೇನೆ. ಅವನ ಬಸ್ಸು ತಿರುವಿನಲ್ಲಿ ಕಂಡೊಡನೆ ಚಹಾಕ್ಕೆ ನೀರಿಡುತ್ತೇನೆ.