ಗೋಡೆ ಮೇಲಿನ ಪಥ್ಯ

ನನ್ನ ಹೊಟ್ಟೆಗೆ ಅಷ್ಟು ದೊಡ್ಡ ಹೆಸರಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಅದನ್ನು ಸುಮ್ಮನೆ ಹೊಟ್ಟೆ ಅಂತಲೇ ಕರೆಯುತ್ತಿದ್ದೆ. ಡಾಕ್ಟರು ದರ್ಜಿಯ ಹಾಗೆ ಟೇಪು ಸುತ್ತಿ ಅಳೆದರು, ರಟ್ಟೆಗೆ ಪಟ್ಟಿ ಕಟ್ಟಿ ಗಾಳಿ ಒತ್ತಿದರು, ರಕ್ತದ ರಿಪೋರ್ಟು ಓದಿ ಕನ್ನಡಕ ತೆಗೆದು, "ಮೆಟಬಾಲಿಕ್ ಸಿಂಡ್ರೋಮ್" ಅಂದರು. (ಯಾವುದೋ ಸರ್ಕಸ್ ಕಂಪನಿಯ ಹೆಸರಿದ್ದ ಹಾಗಿದೆ, ಅಲ್ಲವೇ?) ಸೊಂಟದ ಸುತ್ತಳತೆ, ಬಿ.ಪಿ., ಸಕ್ಕರೆ, ರಕ್ತದಲ್ಲಿ ಕೊಬ್ಬು, ಒಳ್ಳೆಯ ಕೊಲೆಸ್ಟರಾಲಿನ ಕೊರತೆ, ಈ ಐದರಲ್ಲಿ ಮೂರಿದ್ದರೆ ಸಾಕಂತೆ. "ನಿಮಗೆ ನಾಲ್ಕಿದೆ" ಅಂದರು. ಪಾಸಾಗಲು ಬೇಕಾದ್ದಕ್ಕಿಂತ ಹೆಚ್ಚು ಅಂಕ ನಾನು ಜೀವಮಾನದಲ್ಲಿ ತೆಗೆದದ್ದು ಅದೇ ಮೊದಲು. ಹೆಮ್ಮೆಯಿಂದ ಹೆಂಡತಿಯ ಕಡೆ ನೋಡಿದೆ. ಅವಳ ಮುಖ ಬಿಳಿಚಿಕೊಂಡಿತ್ತು.

"ಈಗಲೇ ಮಾತ್ರೆ ಬೇಡ, ಮೊದಲು ಊಟ ಬದಲಾಯಿಸಿ ನೋಡೋಣ," ಅಂದರು ಡಾಕ್ಟರು. "ಮುಂದಿನ ಸಲ ಬರೋ ಹೊತ್ತಿಗೆ ಇವೆಲ್ಲ ಇಳಿದಿರಬೇಕು. ಇಲ್ಲ ಅಂದ್ರೆ ನೀವು ಏಣಿಯಿಂದ ಇಳೀಬೇಕಾಗುತ್ತೆ. ಬಿ.ಪಿ. ಆಗಲೂ ಹೀಗೇ ಇದ್ರೆ ಅಷ್ಟೆತ್ತರ ಹತ್ತೋ ಹಾಗಿಲ್ಲ."

ನಾನು ಬೋರ್ಡು ಬರೆಯುವವನು. ಅಂಗಡಿಗಳ ನೆತ್ತಿಯ ಮೇಲೆ, ಏಣಿಯ ತುದಿಯಲ್ಲಿ ನಿಂತು, ಮೋಡಗಳ ಜೊತೆ ಮಾತಾಡುತ್ತಾ ಬಣ್ಣ ಬಳಿಯುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ಅಲ್ಲಿನ ಗಾಳಿಯೇ ಬೇರೆ, ಬೆಳಕೇ ಬೇರೆ. ಕೆಳಗಿನಿಂದ ಯಾರು ಕರೆದರೂ ಕೇಳಿಸುವುದಿಲ್ಲ (ಮನೆಯವಳು ಕರೆದರೆ ಸುತರಾಂ ಕೇಳಿಸುವುದಿಲ್ಲ). ಏಣಿ ಹೋಯಿತೆಂದರೆ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಗಾಡಿಗಳ ನಂಬರು ಬರೆಯುವುದೊಂದೇ ಗತಿ. ನೆನೆಸಿಕೊಂಡೇ ನನಗೆ ಅಳು ಬಂತು.

ಅವತ್ತು ಸಂಜೆ ನಮ್ಮ ಅಡುಗೆಮನೆಯಲ್ಲಿ ರಾಜ್ಯಕ್ರಾಂತಿಯಾಯಿತು. ಸಕ್ಕರೆ ಡಬ್ಬಿ ಗಡೀಪಾರಾಯಿತು. ಮೈದಾ, ಬೆಣ್ಣೆ ಬಿಸ್ಕತ್ತು, ಕರಿಯುವ ಬಾಣಲೆ ಎಲ್ಲವೂ ಪಕ್ಕದ ಮನೆಗೆ ವಲಸೆ ಹೋದವು. ಶ್ರೀಮಾನ್ ಸೌತೆಕಾಯಿಯವರು ಪಟ್ಟಕ್ಕೆ ಬಂದರು.

"ಇದೇನೇ ಇದು?"

"ಊಟ."

"ಇದರ ಜೊತೆಗೆ?"

"ಸೊಪ್ಪು."

"ಸೊಪ್ಪಿನ ಜೊತೆಗೆ?"

"ಮೊಳಕೆ ಕಾಳು. ಹೊಟ್ಟೆ ತುಂಬ ತಿನ್ನಿ, ಯಾರು ಬೇಡ ಅಂದ್ರು?"

"ನಾನೇನು ದನವೇನೇ?"

"ದನಕ್ಕೆ ಬಿ.ಪಿ. ಇಲ್ಲ ರೀ!" ಅಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಂಗೆ ನೀವು ಬೇಕು ಕಣ್ರೀ. ಆ ಹೊಟ್ಟೆ ಬೇಡ, ಅದೊಂದನ್ನ ಎಲ್ಲಾದರೂ ಬಿಟ್ಟು ಬನ್ನಿ," ಅಂದಳು. ಅಷ್ಟು ಹೇಳಿಸಿಕೊಂಡ ಮೇಲೆ ಯಾವ ಗಂಡು ತಾನೇ ಸೊಪ್ಪು ತಿನ್ನದೆ ಇದ್ದಾನು?

ನಿಜ ಹೇಳಬೇಕೆಂದರೆ ಹೊಟ್ಟೆ ಯಾವತ್ತೂ ಖಾಲಿ ಇರಲಿಲ್ಲ. ಹಸಿವಾಗುತ್ತಿದ್ದದ್ದು ಕಣ್ಣಿಗೆ. ಆಗ ನಾನು ಬರೆಯುತ್ತಿದ್ದದ್ದು ಡಾಕ್ಟರ ಶಾಪಿನ ಎದುರಿನ ಬೇಕರಿಯ ಬೋರ್ಡು. ಮಧ್ಯಾಹ್ನದ ಬಿಸಿಲು ಬೆಣ್ಣೆಯ ಹಾಗೆ ಕರಗಿ ಗೋಡೆಗಳ ಮೇಲೆ ಇಳಿಯುತ್ತಿತ್ತು. ಆಕಾಶದಲ್ಲಿ ಯಾರೋ ಕೆನೆಯನ್ನು ಕಡೆದು ಕಡೆದು ಹರವಿಟ್ಟಿದ್ದರು. ನಾನು ಕಣ್ಣು ಅರೆಮುಚ್ಚಿ ಆ ಕೆನೆಯ ಮೇಲೆ ಮಲಗುತ್ತಿದ್ದೆ, ನಿಧಾನವಾಗಿ ಮುಳುಗುತ್ತಿದ್ದೆ, ಮುಳುಗುತ್ತಲೇ ಒಂದು ಬೆರಳು ನೆಕ್ಕುತ್ತಿದ್ದೆ. (ಟರ್ಪೆಂಟೈನಿನ ರುಚಿ ಬಂದಾಗ ಎಚ್ಚರವಾಗುತ್ತಿತ್ತು.) ಎಚ್ಚರವಾಗಿ ನೋಡಿದರೆ ಬೋರ್ಡಿನ ಮೇಲೆ ಒಂದು ಕೇಕು ಕೂತಿರುತ್ತಿತ್ತು. ಅದನ್ನು ನಾನೇ ಬರೆದೆನೋ, ನನ್ನ ಆಸೆ ಬರೆಯಿತೋ, ಇವತ್ತಿಗೂ ಗೊತ್ತಿಲ್ಲ. ದಾರಿಹೋಕರು ನಿಂತು ಎಂಜಲು ನುಂಗುತ್ತಿದ್ದರು. ಬೇಕರಿಯವನ ಸರಕು ಸಂಜೆಗೆ ಮೊದಲೇ ಖಾಲಿ.

ಇದನ್ನು ಕಂಡ ಡಾಕ್ಟರು ನನ್ನನ್ನು ಕರೆಸಿದರು. "ನಿಮ್ಮ ಕೈಯಲ್ಲಿ ಇಂಥ ಶಕ್ತಿ ಇಟ್ಕೊಂಡು ಕೆಟ್ಟದ್ದಕ್ಕೆ ಬಳಸ್ತೀರಲ್ಲ! ನಮ್ಮ ರೋಗಿಗಳು ಕಾಯೋ ಕೋಣೆಯ ಗೋಡೆ ನೋಡಿ, ಸೂರಿನವರೆಗೂ ಖಾಲಿ. ಎಡಗಡೆ ತಿನ್ನಬೇಕಾದ್ದು ಬರೀರಿ, ಬಲಗಡೆ ತಿನ್ನಬಾರದ್ದು. ಜನ ನೋಡಿ ಕಲೀಲಿ."

ಲೋಕಕಲ್ಯಾಣಾರ್ಥವಾಗಿ ಏಣಿ ಹತ್ತಿದೆ. ಎಡಗಡೆ ಕೋಸು, ಸೌತೆಕಾಯಿ, ಸೊಪ್ಪು, ಕಾಳು ಎಲ್ಲ ಒಂದು ಬೆಳಗ್ಗೆಯಲ್ಲೇ ಮುಗಿಯಿತು. (ಕೋಸಿಗೆ ಯಾಕೋ ಬಾವು ಬಂದ ಹಾಗಿತ್ತು, ಇರಲಿ.) ಬಲಗಡೆ ಮಾತ್ರ ಮುಗಿಯಲೇ ಇಲ್ಲ. ಕೇಕಿನ ಮೇಲೆ ಕೆನೆ, ಕೆನೆಯ ಮೇಲೆ ಜೇನಿನ ಬಣ್ಣ, ಆ ಬಣ್ಣದೊಳಗೆ ಸಂಜೆಯ ಬೆಳಕು. ಆಗತಾನೆ ಕರಿದ ಆಲೂಗಡ್ಡೆಯ ಮೇಲೆ ಉಪ್ಪಿನ ಹರಳು ಮಿನುಗುತ್ತಿತ್ತು. ನನ್ನ ಹೆಂಡತಿ ದಿನಾ ಊಟದ ಡಬ್ಬಿ ತಂದು, ಬಲಗಡೆಯ ಬೆಂಚಿನಲ್ಲಿ ಕೂತು, ನಾನು ಮೊಳಕೆ ಕಾಳು ಮುಗಿಸುವ ತನಕ ಗೋಡೆಯನ್ನೇ ನೋಡುತ್ತಿದ್ದಳು. ಗೋಡೆ ಮುಗಿದ ಮೇಲೂ "ಸ್ವಲ್ಪ ನೋಡ್ಕೊಂಡು ಬರ್ತೀನಿ" ಅಂತ ಹೋಗುತ್ತಿದ್ದಳು. ಕಲಾಭಿಮಾನ ಅಂದುಕೊಂಡೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಇವಳಿಗೆ ನನ್ನ ಬೆಲೆ ತಿಳಿಯಿತಲ್ಲ ಅಂತ ಒಳಗೊಳಗೇ ಉಬ್ಬಿಹೋದೆ.

ಪರೀಕ್ಷೆಯ ದಿನ ಬಂತು. ರಕ್ತ ಕೊಡಲು ತೋಳು ಚಾಚಿದವನಿಗೆ ಒಂದು ಕುಚೇಷ್ಟೆ ಹೊಳೆಯಿತು. ಇಷ್ಟು ದಿನ ನನ್ನ ಮೇಲೆ ದರ್ಬಾರು ನಡೆಸಿದವಳು ಇವಳು!

"ಡಾಕ್ಟ್ರೇ, ಇವಳದ್ದೂ ನೋಡಿಬಿಡಿ. ಒಂದೇ ಅಡುಗೆಮನೆ ತಾನೇ?"

"ನಂಗ್ಯಾಕ್ರೀ? ಏನೂ ಬೇಡ!" ಅಂತ ಅವಳು ಬಾಗಿಲ ಕಡೆ ಜಾರಿದಳು. ನಾನು ಬಿಡಲಿಲ್ಲ. ನನಗೆ ಸುತ್ತಿದ ಟೇಪನ್ನೇ ಅವಳಿಗೂ ಸುತ್ತಿಸಿದೆ.

ರಿಪೋರ್ಟು ಬಂದಾಗ ಡಾಕ್ಟರು ನನ್ನ ಬೆನ್ನು ತಟ್ಟಿದರು. ಸೊಂಟ ಇಳಿದಿತ್ತು, ಬಿ.ಪಿ. ಇಳಿದಿತ್ತು, ಸಕ್ಕರೆ, ಕೊಬ್ಬು ಎಲ್ಲ ಹೇಳಿದ ಮಾತು ಕೇಳಿದ್ದವು. "ಊಟ ಹೀಗೇ ಇರಲಿ. ಏಣಿ ನಿಮ್ಮದೇ!" ನಾನು ಕೂತಲ್ಲೇ ಮೋಡದ ಹತ್ತಿರಕ್ಕೆ ಹೋಗಿ ಬಂದೆ.

"ಆದರೆ ನನ್ನ ಹಳೇ ರೋಗಿಗಳದ್ದೆಲ್ಲ ಏರಿದೆ," ಅಂದರು ಡಾಕ್ಟರು. "ಖಾಲಿ ಹೊಟ್ಟೇಲಿ ರಕ್ತ ಕೊಡೋಕೆ ಬರ್ತಾರೆ, ಎಲ್ಲರೂ ಬಲಗಡೆಯೇ ಕೂರ್ತಾರೆ. ಇಲ್ಲಿಂದ ಎದ್ದವರು ನೆಟ್ಟಗೆ ಎದುರಿನ ಬೇಕರಿಗೆ. ಆಮೇಲೆ... ಇದು ನಿಮ್ಮ ಮನೆಯವರದ್ದು." ಇನ್ನೊಂದು ಹಾಳೆ ಮುಂದಿಟ್ಟರು. "ಸೊಂಟ, ಸಕ್ಕರೆ, ಕೊಬ್ಬು. ಮೂರು."

ನಾನು ಹಾಳೆ ಬಿಟ್ಟು ಹೆಂಡತಿಯ ಕಡೆ ತಿರುಗಿದೆ. ಅವಳು ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಿದ್ದಳು.

"ಏನೇ ಇದು? ನಂಗೆ ಸೊಪ್ಪು ಹಾಕಿ ನೀನು..."

"ನಾನೇನು ಮಾಡ್ಲಿ? ಡಬ್ಬಿ ತಗೊಂಡು ವಾಪಸ್ ಹೋಗುವಾಗ ಕಾಲು ತಾನಾಗೇ ಬೇಕರಿ ಒಳಕ್ಕೆ ಹೋಗ್ತಿತ್ತು. ಆ ಕೇಕು ಅಷ್ಟು ಚೆನ್ನಾಗಿ ಬರೆದಿದ್ದು ಯಾರು? ನಾನಾ?"

ಬೈಯಬೇಕು ಅಂತ ಬಾಯಿ ತೆರೆದೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಭಯ ಅವಳಿಗಿಂತ ನನಗೇ ಹೆಚ್ಚಾಯಿತು. ಇವಳಿಲ್ಲದ ಮನೆಗೆ ನಾನು ಯಾವ ಏಣಿ ಇಳಿದು ಹೋಗಲಿ? "ಡಾಕ್ಟ್ರೇ, ಇವತ್ತೇ ಸುಣ್ಣ ಬಳೀತೀನಿ," ಅಂದೆ.

ಬಳಿದೆ. ನನ್ನ ಕೈಯಾರೆ, ಕೆನೆಯಿಂದ ಶುರುಮಾಡಿ. ಈಗ ಇಡೀ ಗೋಡೆಗೆ ಒಂದೇ ಚಿತ್ರವಂತೆ, ಸೂರು ಮುಟ್ಟುವ ಸೌತೆಕಾಯಿ. ನೋಡಿದವರ ಬಾಯಲ್ಲಿ ನೀರೂರಬೇಕು ಅಂತ ಡಾಕ್ಟರ ಅಪ್ಪಣೆ. ಬೆಳಗ್ಗೆಯಿಂದ ಬರೆಯುತ್ತಿದ್ದೇನೆ. ಒಬ್ಬ ರೋಗಿ ಬಂದು ನೋಡಿ, "ಮೊಸಳೆಗೆ ಕಾಲು ಯಾವಾಗ ಬರೀತೀರಿ?" ಅಂತ ಕೇಳಿ ಹೋದ.

"ಆಸೆಪಟ್ಟು ಬರೀರಿ," ಅಂತ ಕೆಳಗಿನಿಂದ ನನ್ನ ಹೆಂಡತಿ ಕೂಗಿದಳು.

"ಸೌತೆಕಾಯಿ ಮೇಲೆ ಯಾರಿಗೆ ಆಸೆ ಬರುತ್ತೇ?"

"ಬರೋವರೆಗೂ ಊಟ ಇಲ್ಲ."

ಹೊತ್ತು ಏರಿತು. ಹೊಟ್ಟೆ ತಾಳ ಹಾಕತೊಡಗಿತು. ಅವಳು ಬೆಂಚಿನ ಮೇಲೆ ಕೂತು, ಡಬ್ಬಿ ಬಿಚ್ಚಿ, ಸೌತೆಕಾಯಿಯ ಹೋಳೊಂದನ್ನು ಕಚ್ಚಿದಳು. ಕರಂ ಅಂತ ಸದ್ದಾಯಿತು. ಎಂಥ ಸದ್ದು! ಅದರಲ್ಲಿ ತಣ್ಣಗಿನ ನೀರಿತ್ತು, ಬೆಳಗಿನ ತೋಟವಿತ್ತು, ಎಲೆಯಡಿಯ ಹಸಿರು ನೆರಳಿತ್ತು. ನನ್ನ ಕುಂಚ ತಾನಾಗೇ ಓಡಿತು, ಕಣ್ಣು ಅರೆಮುಚ್ಚಿಕೊಂಡಿತು, ಬಾಯಲ್ಲಿ ನೀರೂರಿತು.

"ಒಂದೇ ಒಂದು ಹೋಳು ಕೊಡೇ!" ಅಂತ ಮೇಲಿನಿಂದ ಕೈ ಚಾಚಿ ಗೋಗರೆದೆ.

ಅವಳು ಕೊನೆಯ ಹೋಳನ್ನು ನಿಧಾನವಾಗಿ ಅಗಿದು, ನುಂಗಿ, ಡಬ್ಬಿ ಮುಚ್ಚಿದಳು.

"ಇದು ನನ್ನ ಪಥ್ಯ ಕಣ್ರೀ. ಮೂರು ಬಂದಿರೋದು ನಂಗೆ. ನಿಮ್ಮದು ಅಲ್ಲೇ ಇದೆಯಲ್ಲ, ಅಷ್ಟು ದೊಡ್ಡದು. ನೋಡ್ಕೊಂಡಿರಿ."