ಐದು ನಿಮಿಷದ ಮಾಂಸ, ಮಾಲೀಕರ ಪರಂಗಿ ಗಿಡ

ಕೆಲವರ ಹಣೆಯಲ್ಲಿ ಸುಖ ಬರೆದಿರುತ್ತದೆ, ಕೆಲವರ ಹಣೆಯಲ್ಲಿ ಕಷ್ಟ. ನನ್ನ ಹಣೆಯಲ್ಲಿ ಬ್ರಹ್ಮ ಬರೆದದ್ದು ಬರೀ ಗಾಬರಿ. ನಾನು ಸುಮ್ಮನೆ ಕೂತಿದ್ದರೂ ಅದು ಮನೆ ಹುಡುಕಿಕೊಂಡು ಬರುತ್ತದೆ. ಐವತ್ತರ ದಶಕದಲ್ಲಿ ದಾವಣಗೆರೆಯಲ್ಲಿ ಒಬ್ಬ ಚೀನಾದ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದೆ. ಕಟ್ಟಿಸುವ ಹಲ್ಲುಗಳನ್ನು ಅರ ಹಾಕಿ ಉಜ್ಜಿ ನಯ ಮಾಡುವುದು ನನ್ನ ಕೆಲಸ. ಆ ನಾಲ್ಕೈದು ವರ್ಷದಲ್ಲಿ ನನ್ನ ಎದೆ ಎಷ್ಟು ಸಾರಿ ಧಸಕ್ಕೆಂದಿತೋ ಲೆಕ್ಕವಿಲ್ಲ. ಎಲ್ಲಕ್ಕೂ ಕಾರಣ ಒಂದೇ, ಮಾಂಸವನ್ನು ಮೆತ್ತಗೆ ಮಾಡುವ ವಿದ್ಯೆ.

೧. ಹಲ್ಲು ಬೇಡವೆಂದ ಯಜಮಾನ

ನಮ್ಮ ಡಾಕ್ಟರು ದಾವಣಗೆರೆ ಕನ್ನಡವನ್ನು ನಮಗಿಂತ ಚೆನ್ನಾಗಿ ಮಾತಾಡುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಚೀನಾ ಭಾಷೆ. ಒಂದು ದಿನ ಹರಿಹರದ ಕಡೆಯ ಒಬ್ಬ ಯಜಮಾನ ಬಂದು, ತಿಂಗಳ ಹಿಂದೆ ಕಟ್ಟಿಸಿಕೊಂಡಿದ್ದ ಹಲ್ಲಿನ ಸೆಟ್ಟನ್ನು ಎರಡು ಹೋಳಾಗಿ ಮೇಜಿನ ಮೇಲಿಟ್ಟ.

"ಏನ್ ತಿಂದ್ರಿ?" ಎಂದರು ಡಾಕ್ಟರು.

"ಟಗರು."

"ಎಷ್ಟು ವರ್ಷದ್ದು?"

"ನಮ್ಮ ಮಗನ ಮದುವಿ ವರ್ಷ ಹುಟ್ಟಿದ್ದು. ಮೊಮ್ಮಗ ಈಗ ಸಾಲಿಗೆ ಹೋಗ್ತಾನೆ."

ಡಾಕ್ಟರ ಬಾಯಿಂದ ಚೀನಾ ಭಾಷೆ ಹೊರಟಿತು. ಕ್ಲಿನಿಕ್ಕಿನ ಹಿಂದೆಯೇ ಅವರ ಮನೆ. ಗದ್ದಲ ಕೇಳಿ ಹೊರಗೆ ಬಂದ ಅವರ ಹೆಂಡತಿ ಡಾಕ್ಟರಮ್ಮ ಮುರಿದ ಹಲ್ಲು ನೋಡಿ, "ಎಷ್ಟು ಹೊತ್ತು ಬೇಯಿಸಿದ್ರಿ?" ಎಂದು ಕೇಳಿದರು. "ಮುಂಜಾನಿಂದ" ಎಂದ ಯಜಮಾನ. ಆಕೆಗೆ ಆಘಾತವೇ ಆಯಿತು. ಯಜಮಾನನನ್ನು ಒಳಗೆ ಕರೆದು ಕೂರಿಸಿ, ಮನೆಯಲ್ಲಿದ್ದ ಮಾಂಸವನ್ನು ಎಳೆಗೆ ಅಡ್ಡಲಾಗಿ ಕಾಗದದಷ್ಟು ತೆಳ್ಳಗೆ ಕೊಯ್ದರು. ಚಿಟಿಕೆ ಅಡಿಗೆ ಸೋಡ ಹಾಕಿ ಕಲಸಿ ಕಾಲು ಗಂಟೆ ಇಟ್ಟು ತೊಳೆದರು. ಹೊಗೆಯಾಡುವ ಬಾಣಲೆಗೆ ಬೆಳ್ಳುಳ್ಳಿ, ಈರುಳ್ಳಿ, ಮೆಣಸಿನಕಾಯಿ, ಕಲ್ಕತ್ತೆಯಿಂದ ತರಿಸಿದ ಒಂದು ಕಪ್ಪು ರಸ ಹಾಕಿ ಐದೇ ನಿಮಿಷ ಆಡಿಸಿ ತಟ್ಟೆಗೆ ಸುರಿದರು.

ಐದು ನಿಮಿಷಕ್ಕೆ ಮಾಂಸ ಬೇಯುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಯಜಮಾನ ಹೆದರುತ್ತಲೇ ಒಂದು ಚೂರನ್ನು ಬರೀ ವಸಡಿನಲ್ಲಿ ಅದುಮಿ ನೋಡಿದ. ಆಮೇಲೆ ತಟ್ಟೆ ಖಾಲಿಯಾಗುವವರೆಗೆ ತಲೆ ಎತ್ತಲಿಲ್ಲ. ಎದ್ದು ಬಂದವನು ಮುರಿದ ಹಲ್ಲನ್ನು ಡಾಕ್ಟರ ಕಡೆಗೆ ತಳ್ಳಿ ಹೇಳಿದ:

"ಇವನ್ನ ನೀವೇ ಇಟ್ಕಳ್ರಿ. ಅಮ್ಮಾರ್ನ ಒಂದು ವಾರ ನಮ್ಮೂರಿಗೆ ಕಳಿಸಿ, ನಮ್ಮ ಹೆಂಗಸ್ರಿಗೆ ಅಡಿಗಿ ಕಲಿಸಿದ್ರೆ ಸಾಕು. ಊರಾಗೆ ಯಾರಿಗೂ ನಿಮ್ಮ ಹಲ್ಲು ಬೇಕಾಗಲ್ಲ."

೨. ಹರಿಹರದ ಪೆಟ್ಟಿಗೆ

ಆ ಐದು ನಿಮಿಷದ ವಿದ್ಯೆ ನನ್ನ ತಲೆಗೆ ಹೊಕ್ಕಿದ್ದಕ್ಕೆ ಬೇರೆ ಕಾರಣವಿತ್ತು. ಆಗ ತಾನೇ ಮದುವೆಯಾಗಿ ಬಾಡಿಗೆ ಮನೆ ಹಿಡಿದಿದ್ದೆ. ಮನೆ ಮಾಲೀಕರು ಮಂಡಿ ವ್ಯಾಪಾರಸ್ಥರು, ದಿನಕ್ಕೆರಡು ಸಾರಿ ಲಿಂಗಪೂಜೆ ಮಾಡುವವರು. ನಮ್ಮದು ಕೊಕ್ಕನೂರಿನ ಒಕ್ಕಲುತನದ ಮನೆತನ, ಕುರಿ ಕೋಳಿ ತಿನ್ನುವವರು ಎಂದು ಗೊತ್ತಿದ್ದೂ ಒಂದೇ ಕರಾರಿನ ಮೇಲೆ ಮನೆ ಕೊಟ್ಟಿದ್ದರು. "ಹೊರಗ ಏನಾರ ತಿನ್ನು, ನಾ ಕೇಳಲ್ಲ. ಈ ಹೊಸ್ತಿಲ ಒಳಗ ಬಂತೋ, ಅವತ್ತೇ ಮನಿ ಖಾಲಿ." ನಾನು ಮಾತು ಕೊಟ್ಟಿದ್ದೆ. ನೀರಿನ ಬಾವಿ, ಹಿತ್ತಲು, ತಾಯಿಯಂಥ ಮಾಲೀಕರ ಹೆಂಡತಿ, ಅಂಥ ಮನೆ ಇಡೀ ದಾವಣಗೆರೆಯಲ್ಲಿ ಇನ್ನೊಂದು ಸಿಗುತ್ತಿರಲಿಲ್ಲ.

ಆದರೆ ನಾಲಿಗೆ ಮಾತು ಕೊಟ್ಟರೂ ಹೊಟ್ಟೆ ಕೊಟ್ಟಿರಲಿಲ್ಲ. ಎರಡು ತಾಸು ಕುದಿಯುವ ಸಾರಾದರೆ ವಾಸನೆ ಬೀದಿಯ ಕೊನೆಗೆ ಮುಟ್ಟುತ್ತದೆ. ಐದು ನಿಮಿಷದ ಕೆಲಸವಾದರೆ ಸೀಮೆಎಣ್ಣೆ ಸ್ಟವ್ ಹಚ್ಚಿ, ಮಾಲೀಕರು ಸಂಜೆ ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ತಿಂದು ಬಾಯಿ ತೊಳೆಯಬಹುದು. ಹೆಂಡತಿಗೆ ಹೇಳಿದೆ. "ಸಿಕ್ಕಿಬಿದ್ರೆ?" ಎಂದಳು. ಆದರೆ ಹೇಳುವಾಗ ಅವಳ ಬಾಯಲ್ಲೂ ನೀರೂರಿತ್ತು.

ದಾವಣಗೆರೆಯಲ್ಲಿ ಮಾಂಸ ಕೊಂಡರೆ ಸುದ್ದಿ ನನಗಿಂತ ಮೊದಲು ಮನೆ ಮುಟ್ಟುತ್ತಿತ್ತು. ಪ್ರತಿ ಭಾನುವಾರ ಡಾಕ್ಟರು ಹರಿಹರದಲ್ಲೂ ಹಲ್ಲು ನೋಡಲು ಹೋಗುತ್ತಿದ್ದರು, ಪೆಟ್ಟಿಗೆ ಹೊತ್ತು ನಾನೂ. ಅಲ್ಲೇ ಕೊಂಡು, ಹಲ್ಲಿನ ಸೆಟ್ಟುಗಳ ತಗಡಿನ ಪೆಟ್ಟಿಗೆಯಲ್ಲಿ ಎಲೆ ಸುತ್ತಿ ತರುವುದೆಂದು ಲೆಕ್ಕ ಹಾಕಿದೆ. ಮೊದಲನೇ ಸಾರಿಯೇ ಡಾಕ್ಟರು ಹರಿಹರದಲ್ಲಿ ಉಳಿದುಕೊಂಡರು, ನಾನೊಬ್ಬನೇ ರೈಲು ಹತ್ತಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ನಾನು ಪೆಟ್ಟಿಗೆಯನ್ನು ತಬ್ಬಿಕೊಂಡು ಬೆವರುತ್ತಿದ್ದುದನ್ನು ಎದುರಿಗೆ ಕೂತಿದ್ದ ಪೊಲೀಸ್ ಪೇದೆ ನೋಡಿದ.

"ಏನೈತೆ ಅದರಾಗೆ?"

"ಹಲ್ಲು, ಸ್ವಾಮಿ."

"ತೆಗಿ."

ತೆಗೆದೆ. ರೈಲಿನ ಕುಲುಕಾಟಕ್ಕೆ ಎಲೆ ಬಿಚ್ಚಿಕೊಂಡಿತ್ತು. ಕೆಂಪಗೆ ಎರಡು ಸೇರು ಮಾಂಸ, ಅದರ ಮೇಲೆ ಮೂರು ಜೊತೆ ಹಲ್ಲು ನಗುತ್ತಾ ಕೂತಿದ್ದವು. ಪೇದೆಯ ಮುಖ ಬಿಳಿಚಿಕೊಂಡಿತು. ಒಂದು ಕೈಯಲ್ಲಿ ನನ್ನ ಅಂಗಿ ಹಿಡಿದು, ಇನ್ನೊಂದು ಕೈಯಲ್ಲಿ ಸೀಟಿನ ಕೆಳಗೆ ತಡಕುತ್ತಾ ಕೇಳಿದ:

"ಮಿಕ್ಕಿದ್ದು ಎಲ್ಲಿ ಇಟ್ಟೀಯೋ?"

೩. ಹೊಳೆಯುವ ಬೋಗುಣಿ

ದಾವಣಗೆರೆ ಸ್ಟೇಷನ್ನಿನಲ್ಲಿ ನನ್ನ ಗುರುತಿನವರೊಬ್ಬರು ಇವನು ಹಲ್ಲಿನ ಡಾಕ್ಟರ ಕೆಲಸದವನು, ಮಾಂಸ ಕುರಿಯದು ಎಂದು ಸಾಕ್ಷಿ ಹೇಳಿ ಬಿಡಿಸಿದರು. ಮನೆಗೆ ಬಂದು ಬಾಗಿಲು ಹಾಕಿಕೊಂಡೆವು. ಡಾಕ್ಟರಮ್ಮ ಹೇಳಿದ್ದು ಚಿಟಿಕೆ ಸೋಡ, ಕಾಲು ಗಂಟೆ. ನಾನು ನನ್ನ ಬುದ್ಧಿ ಓಡಿಸಿದೆ. ಬೇಳೆಗೇ ಚಿಟಿಕೆ ಸೋಡ ಬೇಕಾದರೆ ಕುರಿಗೆ ಎಷ್ಟು ಬೇಕು? ಒಂದು ಹಿಡಿ ಹಾಕಿದೆ. ಕಾಲು ಗಂಟೆಯಲ್ಲಿ ಏನಾದೀತು ಎಂದು ಮೂರು ತಾಸು ಇಟ್ಟೆ.

ಸಂಜೆ ಮಾಲೀಕರು ದೇವಸ್ಥಾನಕ್ಕೆ ಹೋದ ಮೇಲೆ ಹೆಂಡತಿ ಹಿತ್ತಾಳೆ ಬೋಗುಣಿಯ ಮುಚ್ಚಳ ತೆಗೆದು ಹಾಗೇ ನಿಂತುಬಿಟ್ಟಳು. ಒಳಗೆ ಮಾಂಸವಿರಲಿಲ್ಲ. ನೊರೆನೊರೆಯಾದ ಲೋಳೆ ಒಂದಿತ್ತು. ಸೌಟು ಹಾಕಿ ಕಲಕಿದರೆ ನೂಲು ನೂಲಾಗಿ ಎಳೆ ಬಂತು. ಮೂಗಿಗೆ ಹಿಡಿದರೆ ಸಾಬೂನು.

"ಇದನ್ನ ತಿನ್ನಾದಾ, ಮೈಗೆ ಹಚ್ಚಾದಾ?" ಎಂದಳು.

ಹಿತ್ತಲಲ್ಲಿ ಗುಂಡಿ ತೋಡಿ ಹೂತೆವು. ಬೋಗುಣಿಯನ್ನು ಅವಳು ಮೂರು ಸಾರಿ ಬೂದಿ ಹಾಕಿ ತಿಕ್ಕಿ ಕಟ್ಟೆಯ ಮೇಲೆ ಬೋರಲು ಹಾಕಿದಳು. ಮಾರನೇ ದಿನ ಬೆಳಿಗ್ಗೆ ಮಾಲೀಕರ ಹೆಂಡತಿ ಬಾವಿಗೆ ಬಂದವರು ಅದನ್ನು ಎತ್ತಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನಾವಿಬ್ಬರೂ ಹೂತ ಗುಂಡಿಯ ಮೇಲೆ ಹೋಗಿ ನಿಂತೆವು.

"ಏನ್ ಹೊಳಪವ್ವಾ ಇದು! ಏನ್ ಹಾಕಿ ತಿಕ್ಕಿದಿ? ಇನ್ನೂ ಉಳಿದಿದ್ರ ನಮ್ಮ ಪೂಜಿ ಸಾಮಾನಿಗೂ ಒಂದೀಟು ಕೊಡು."

೪. ಕೊಡತಿಯ ಸದ್ದು

ಸೋಡದ ಸಹವಾಸ ಬೇಡವೆಂದಾಯಿತು. "ಹಂಗಾದ್ರೆ ಕುಟ್ಟು" ಎಂದರು ಡಾಕ್ಟರಮ್ಮ. ಅವರು ಭಾರದ ಕತ್ತಿಯ ಹಿಂಬದಿಯಲ್ಲಿ ಟಕಟಕನೆ ಕುಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಅಂಥ ಕತ್ತಿ ಇರಲಿಲ್ಲ, ಬಟ್ಟೆ ಒಗೆಯುವ ಮರದ ಕೊಡತಿ ಇತ್ತು. ಭಾನುವಾರ ಮಧ್ಯಾಹ್ನ ಹರಿಹರದಿಂದ ಬಂದವನೇ ಕದ ಹಾಕಿಕೊಂಡು ಶುರು ಮಾಡಿದೆ. ನಾನು ಒಂದೊಂದು ಏಟು ಹಾಕಿದಾಗಲೂ ಚೂರು ಹಾರಿ ಗೋಡೆಗೆ ಅಂಟುತ್ತಿತ್ತು. ಹೆಂಡತಿಗೆ ತಡೆಯದೆ, "ಅಯ್ಯೋ ಮೆಲ್ಲಕ! ಸಾಕು ಬಿಡ್ರಿ! ಯಾಕಂಗೆ ಹೊಡೀತೀರಿ!" ಎನ್ನುತ್ತಿದ್ದಳು.

ಹೀಗೆ ನಾಲ್ಕು ಭಾನುವಾರ ಆಯಿತು. ಅಡಿಗೆ ಒಂದು ಮಟ್ಟಕ್ಕೆ ಬಂತು. ಆದರೆ ಬೀದಿಯ ಹೆಂಗಸರು ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ಒಳಗೆ ಹೋಗತೊಡಗಿದರು. ಮಾಲೀಕರ ಹೆಂಡತಿ ನನ್ನ ಹೆಂಡತಿಯನ್ನು ಹತ್ತಿರ ಕೂರಿಸಿಕೊಂಡು ಅರಿಶಿನ, ಕೊಬ್ಬರಿ ಎಣ್ಣೆ ಕೊಟ್ಟು, "ಬೆನ್ನಿಗೆ ಹಚ್ಚಿಕೋ ತಂಗಿ. ಯಾರಿಗೂ ಹೇಳಬ್ಯಾಡ" ಎಂದು ಕಣ್ಣೀರು ಹಾಕಿದರಂತೆ. ಆಗ ಅವಳಿಗೆ ವಿಷಯ ಹೊಳೆಯಿತು. ಇವಳು ನಿಜ ಹೇಳುವ ಹಾಗಿಲ್ಲ, ಹೇಳಿದರೆ ಮನೆ ಹೋಗುತ್ತದೆ. ಸುಮ್ಮನೆ ಎಣ್ಣೆ ತೆಗೆದುಕೊಂಡು ಬಂದಳು.

ಬಂದವಳು ನನ್ನ ಮೇಲೆ ಹರಿಹಾಯ್ದಳು. "ನಾಲ್ಕು ವಾರ ಹೊಡ್ತ ತಿಂದಿದೀನಿ ಅಂತ ಬೀದಿಗೆಲ್ಲ ಗೊತ್ತೈತೆ. ಒಬ್ಬರಾರ ಬಂದು ಕದ ಬಡಿದ್ರೇನು?" ನನಗೂ ಅದೇ ಆಶ್ಚರ್ಯ, ನಾಚಿಕೆ ಕೂಡ. ಮಾಲೀಕರಾದರೂ ನನ್ನನ್ನು ಕರೆದು ಬುದ್ಧಿ ಹೇಳಬಹುದಿತ್ತಲ್ಲ ಎಂದುಕೊಂಡೆ.

ಮಾರನೇ ದಿನವೇ ಕರೆದರು. ಗಂಭೀರವಾಗಿ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು:

"ನೋಡಪ್ಪ, ಗಂಡ ಹೆಂಡ್ತಿ ನಡುವೆ ನಾವು ಬರಬಾರ್ದು. ಆದ್ರ ಭಾನುವಾರ ಮಧ್ಯಾಹ್ನ ಉಂಡು ಒಂದೀಟು ಮಲಗೋದು ನನ್ನ ಅಭ್ಯಾಸ. ವಾರದಾಗ ಬ್ಯಾರೆ ಯಾವ ದಿನಾನೂ ಇಲ್ಲೇನು?"

೫. ಪರಂಗಿ ಕಾಯಿ

ಸದ್ದಿಲ್ಲದ ಉಪಾಯ ಬೇಕಾಯಿತು. "ಹಸಿ ಪರಂಗಿ ತುರಿದು ಹಚ್ಚು, ಅರ್ಧ ತಾಸು ಬಿಟ್ಟು ಒರೆಸು" ಎಂದರು ಡಾಕ್ಟರಮ್ಮ. ಮಾಲೀಕರ ಹಿತ್ತಲಲ್ಲಿ ದೊಡ್ಡ ಪರಂಗಿ ಗಿಡವಿತ್ತು. ಪಲ್ಯಕ್ಕೆ ಎಂದು ಕೇಳಿದರೆ ಮಾಲೀಕರ ಹೆಂಡತಿ ಧಾರಾಳವಾಗಿ ಕೊಟ್ಟರು. ಮಾಂಸ ಬೆಣ್ಣೆಯಾಯಿತು. ಐದು ನಿಮಿಷ, ಸದ್ದಿಲ್ಲ, ವಾಸನೆ ಸ್ಟವ್ವಿನ ಹೊಗೆಯಲ್ಲಿ ಮುಚ್ಚಿಹೋಗುತ್ತಿತ್ತು. ಎಷ್ಟೋ ತಿಂಗಳು ರಾಜರ ಹಾಗೆ ತಿಂದೆವು.

ಅಷ್ಟರಲ್ಲಿ ಹೆಂಡತಿಗೆ ಮೂರು ತಿಂಗಳಾಯಿತು. ಸಂಭ್ರಮದಲ್ಲಿ ಮಾಲೀಕರ ಹೆಂಡತಿಯೇ ಬೀದಿಗೆಲ್ಲ ಸಕ್ಕರೆ ಹಂಚಿದರು. ಬಸುರಿಯರಿಗೆ ಪರಂಗಿ ಆಗದು ಎಂದು ನನಗೂ ಗೊತ್ತಿತ್ತು. ಅದಕ್ಕೇ ಅವಳಿಗೆ ಕಾಯಿ ಮುಟ್ಟಬೇಡ ಎಂದೆ. ನಾನೇ ಕಿತ್ತು, ನಾನೇ ತುರಿದು, ಅವಳ ಪಾಲಿನದಕ್ಕೆ ಹಚ್ಚದೆ ನನ್ನ ಪಾಲಿಗೆ ಮಾತ್ರ ಹಚ್ಚುತ್ತಿದ್ದೆ.

ಅವತ್ತು ಮಧ್ಯಾಹ್ನ ಕಾಯಿ ಕಿತ್ತು ತಿರುಗುತ್ತೇನೆ, ಮಾಲೀಕರ ಹೆಂಡತಿ ಬಾವಿಕಟ್ಟೆಯ ಹತ್ತಿರ ನಿಂತು ನೋಡುತ್ತಿದ್ದಾರೆ. ನೇರ ಹೋಗಿ ನನ್ನ ಹೆಂಡತಿಯ ಕೈ ಹಿಡಿದು ತಮ್ಮ ಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಮಂಡಿಗೆ ಬಂದಿದ್ದ ಕೊಕ್ಕನೂರಿನ ಗಾಡಿಯವನ ಕೈಲಿ ನಮ್ಮ ಅವ್ವನಿಗೆ ಹೇಳಿ ಕಳಿಸಿದರು. ಹೆಂಡತಿಯ ಮುಖ ನೋಡಲೂ ಬಿಡಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಅವ್ವ ಬಂದಳು. ಅಂಗಳದಲ್ಲಿ ಮಾಲೀಕರು, ಅವರ ಹೆಂಡತಿ, ಅವರ ಬೆನ್ನ ಹಿಂದೆ ಅಳುತ್ತಿದ್ದ ನನ್ನ ಹೆಂಡತಿ.

"ನೋಡವ್ವಾ ನಿನ್ನ ಮಗನ್ನ" ಎಂದರು ಮಾಲೀಕರ ಹೆಂಡತಿ. "ವಾರಾ ವಾರಾ ಹೊಡೀತಿದ್ದ, ಸುಮ್ನಿದ್ವಿ. ಅದು ನಮ್ಮ ತಪ್ಪು. ಈಗ ಬಸುರಿಗೆ ಪರಂಗಿ ಕಾಯಿ ತಿನ್ನಿಸಾಕ ಹತ್ಯಾನೆ. ಈ ಕೂಸಿನ್ನ ಹೆರಿಗಿ ಆಗೋತನಕ ನಾ ಇವನ ಕೈಗೆ ಕೊಡಲ್ಲ."

ಅವ್ವ ಬಗಲ ಚೀಲ ಇಳಿಸದೆಯೇ ನನ್ನ ಕೆನ್ನೆಗೆ ಒಂದು ಬಿಟ್ಟಳು. "ನನ್ನ ಮೊಮ್ಮಗನ್ನ ಕೊಲ್ಲಾಕ ಹೊಂಟೀಯೇನೋ!"

ಹೆಂಡತಿ ನನ್ನ ಕಡೆ ನೋಡಿ ಹೇಳಬೇಡ ಎಂಬಂತೆ ತಲೆಯಾಡಿಸಿದಳು. ಹೇಳಿದರೆ ಮನೆ ಹೋಗುತ್ತದೆ. ಹೇಳದಿದ್ದರೆ ಹೆಂಡತಿ ಹೋಗುತ್ತಾಳೆ. ಹುಟ್ಟುವ ಮಗುವಿಗೆ ನಾನು ಕೊಲೆಗಾರ ಅಪ್ಪನಾಗುತ್ತೇನೆ. ಮನೆ ಹಾಳಾಗಿಹೋಗಲಿ ಎಂದುಕೊಂಡೆ.

"ಅಮ್ಮಾರೆ, ಕಾಯಿ ಇವಳಿಗಲ್ಲ. ಮಾಂಸಕ್ಕೆ."

"ಯಾವ ಮಾಂಸ?" ಎಂದರು ಮಾಲೀಕರು.

"ಕುರಿದು, ಸಾವ್ಕಾರ್ರೆ. ಮೆತ್ತಗಾಗ್ಲಿ ಅಂತ."

"ಎಲ್ಲಿ?"

"ಇಲ್ಲೇ. ಒಳಗ."

"ಎಷ್ಟು ದಿನದಿಂದ?"

"ಒಂದು ವರ್ಷ ಆತ್ರಿ."

ಮಾಲೀಕರು ಎರಡು ಕೈಯಲ್ಲಿ ಕಿವಿ ಮುಚ್ಚಿಕೊಂಡು ಸೀದಾ ಬಾವಿಗೆ ಹೋದರು. ಅಂಗಿ ಪಂಚೆ ಸಮೇತ ಕೊಡಗಟ್ಟಲೆ ನೀರು ಸುರಿದುಕೊಳ್ಳತೊಡಗಿದರು.

ಅವರ ಹೆಂಡತಿ ಅಲ್ಲಾಡಲಿಲ್ಲ. "ಹಂಗಾರೆ ಭಾನುವಾರ ಹೊಡೀತಿದ್ದದ್ದು?"

"ಅದೂ ಮಾಂಸಕ್ಕೇ ಅಮ್ಮಾರೆ. ಇವಳ ಮೇಲೆ ಒಂದು ದಿನಾನೂ ಕೈ ಎತ್ತಿಲ್ಲ."

ಆಕೆ ನನ್ನ ಹೆಂಡತಿಯ ಮುಖ ನೋಡಿದರು. ಅವಳು ಹೌದೆಂದು ಗೋಣು ಹಾಕಿದಳು. ಆಕೆ ಕಟ್ಟೆಯ ಮೇಲೆ ಕುಸಿದು ಕೂತು, "ಶಿವನೇ, ಬರೀ ಮಾಂಸ!" ಎಂದು ಉಸಿರು ಬಿಟ್ಟರು. ಆಮೇಲೆ ತಾವೇನೆಂದೆವೆಂದು ಹೊಳೆದು ಬಾಯಿ ಮುಚ್ಚಿಕೊಂಡರು.

ಗಂಡಾಂತರ ಕಳೆಯಿತು ಎಂದುಕೊಳ್ಳುವಷ್ಟರಲ್ಲಿ ಅವ್ವ ಕೇಳಿದಳು, "ಎಷ್ಟು ಹೊತ್ತು ಬೇಯಿಸ್ತಿ?"

"ಐದು ನಿಮಿಷ."

ಅವ್ವನ ಕಣ್ಣು ದೊಡ್ಡವಾದವು. "ಐದು ನಿಮಿಷ! ಬಸುರಿಗೆ ಹಸಿ ಮಾಂಸ ಹಾಕ್ತೀಯೇನೋ ಪಾಪಿ! ಎರಡು ತಾಸು ಬೇಯಬೇಕು!"

"ಇಲ್ಲವ್ವಾ, ತೆಳ್ಳಗೆ ಕೊಯ್ದು, ಎಳೆಗೆ ಅಡ್ಡಲಾಗಿ..." ಎಂದು ನಾನು ಶುರುಮಾಡಿದೆ.

ಮಾಲೀಕರ ಹೆಂಡತಿ ಎದ್ದು ನಿಂತರು. ಹುಟ್ಟಿದಾಗಿನಿಂದ ಮಾಂಸವನ್ನು ಕಣ್ಣೆತ್ತಿಯೂ ನೋಡದ ಆ ತಾಯಿ ನನ್ನ ಮುಖದೆದುರು ಬೆರಳಾಡಿಸಿದರು. "ಬಾಯಿ ಮುಚ್ಚು! ಐದು ನಿಮಿಷಕ್ಕ ತೊಗರಿಬ್ಯಾಳಿನೇ ಬೇಯಲ್ಲ, ಕುರಿ ಬೇಯ್ತದೇನು? ನಿಮ್ಮವ್ವ ಹೇಳಿದಂಗ ಎರಡು ತಾಸು ಚಲೋತ್ನಾಗಿ ಬೇಯಿಸಿ ಹಾಕು ಹುಡುಗಿಗೆ!"

ಬಾವಿಯ ಕಡೆ ನೀರಿನ ಸದ್ದು ನಿಂತಿತು. ಎಲ್ಲರೂ ಆ ಕಡೆ ತಿರುಗಿದೆವು. ನಮ್ಮ ಕಡೆ ಬೆನ್ನು ಮಾಡಿ, ಮೈಯೆಲ್ಲ ತೊಪ್ಪೆಯಾಗಿ ನಿಂತಿದ್ದ ಮಾಲೀಕರು ನಡುಗುತ್ತಾ ಹೆಂಡತಿಗೆ ಹೇಳಿದರು:

"ಎರಡು ತಾಸಂದ್ರ ಆ ಸೀಮೆಎಣ್ಣಿ ಸ್ಟವ್ ಸಾಲಂಗಿಲ್ಲ. ನಮ್ಮ ಹಿತ್ತಲಾಗ ಜಾಲಿ ಕಟ್ಟಿಗಿ ಐತೆ, ಒಯ್ಯಿ ಅನ್ನು ಅವನಿಗೆ."