ಬೀಳಗಿ ಮಾವನ ಇಂಜಿನ್ನಿಗೆ ಬೆಸುಗೆ

ಜಕ್ಕಪ್ಪ: ನಾಳಿ ಸಂಜೀಕ ಯಾರಿಗೆ ಬೇಕಲೇ? ನಂಗ ಇವತ್ತ ಮೂರು ಗಂಟೇಕ ಬೇಕು. ಎರಡ ಗೆರಿ ಎಳದ ಕೊಡು, ಒಯ್ತೇನಿ.

ಗುರಪ್ಪ: ಬೀಡು ಕಬ್ಬಿಣದ ಇಂಜಿನ್ ಬ್ಲಾಕ್ ಐತ್ರಿ ಇದು, ಹೊಲದ ಗೇಟ್ ಅಲ್ಲ. ಮೊದಲ ಬಿರುಕಿನ ಎರಡೂ ತುದಿಗೆ ತೂತ ಹೊಡೀಬೇಕು, ಇಲ್ಲಂದ್ರ ಬಿರುಕು ಮುಂದ ಓಡತೈತಿ. ಇಡೀ ಬ್ಲಾಕ್ ನಿಧಾನಕ ಬಿಸಿ ಮಾಡಬೇಕು. ಬೆರಳ ಉದ್ದ ಬೆಸೀಬೇಕು, ಸಣ್ಣ ಸುತ್ತಿಗಿಲೆ ಬಡೀಬೇಕು, ಸುಮ್ಮನ ಕುಂಡರಬೇಕು. ಮತ್ತ ಒಂದ ಬೆರಳು. ಕಡೀಕ ಬೂದ್ಯಾಗ ಹುಗದ ಇಟ್ರ ತಾನ ಆರತೈತಿ.

ಜಕ್ಕಪ್ಪ: ಆರಾಕ ಒಂದ ದಿನಾನ? ಒಂದ ಕೊಡ ತಣ್ಣೀರ ಸುರದ್ರ ಎರಡ ನಿಮಿಷದಾಗ ಆರತೈತಲ್ಲೋ!

ಗುರಪ್ಪ ಬೆಸುಗೆಯ ರಾಡು ಕೈಯಲ್ಲಿ ಹಿಡಿದೇ ಅವನ ಮುಖವನ್ನೇ ನೋಡಿದ.

ಗುರಪ್ಪ: ಇದು ಒಡದದ್ದು ಹೆಂಗ ಅಂದ್ರಿ?

ಜಕ್ಕಪ್ಪ: ತಾನ ಒಡದೈತಿ. ಹಳೇದು ನೋಡು.

ಗುರಪ್ಪ: ಕಾದ ಇಂಜಿನ್‌ಗೆ ತಣ್ಣೀರ ಸುರದೀರಿ.

ಜಕ್ಕಪ್ಪ: ನೀ ನೋಡಿಯೇನಲೇ?

ಗುರಪ್ಪ: ಈಗ ನೀವ ಹೇಳಿದ್ರಲ್ರಿ.

ಸಿಕ್ಕಿಬಿದ್ದ ನೋಡಿ! ಜಮಖಂಡಿಯ ಆ ವೆಲ್ಡಿಂಗ್ ಶೆಡ್ಡಿನಲ್ಲಿ ಜಕ್ಕಪ್ಪನಿಗೆ ಕಬ್ಬಿಣಕ್ಕಿಂತ ಮೊದಲು ತನ್ನ ಮುಖವೇ ಕಾದಂತಾಯಿತು. ತುಬಚಿಯಲ್ಲಿ ಅವನದೊಂದು ಹಿಟ್ಟಿನ ಗಿರಣಿ. ಕರೆಂಟು ಹೋದರೂ ನಿಲ್ಲದ ಗಿರಣಿ ಅಂತ ಸುತ್ತಲಿನವರೆಲ್ಲ ಜೋಳದ ಡಬ್ಬಿ ಹೊತ್ತು ಬರುತ್ತಿದ್ದರು. ಅದಕ್ಕೆ ಕಾರಣವಾದ ಡೀಸೆಲ್ ಇಂಜಿನ್ನನ್ನು ಮದುವೆಯಲ್ಲಿ ಕೊಟ್ಟವನು ಬೀಳಗಿಯ ಮಾವ ಮಲಕಾಜಪ್ಪ. ಕೊಡುವಾಗ ಮದುವೆಯ ಹಂದರದಲ್ಲಿ ನಿಂತು, “ಮಗಳಿಗಾಗ್ಲಿ ಇಂಜಿನ್‌ಗಾಗ್ಲಿ ಏನಾರ ಆದ್ರ ಎರಡನ್ನೂ ಹೊಳ್ಳಿ ಒಯ್ತೇನಿ” ಅಂದಿದ್ದ. ಜನ ನಕ್ಕಿದ್ದರು. ಜಕ್ಕಪ್ಪ ನಕ್ಕಿರಲಿಲ್ಲ, ಏಕೆಂದರೆ ಮಾವ ನಕ್ಕಿರಲಿಲ್ಲ. ಅಂಥ ಮಾವ ಇವತ್ತು ಮೂರರ ಬಸ್ಸಿಗೆ ಬರುವವನಿದ್ದ. ಬಂದರೆ ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಗಿರಣಿಗೆ ಹೋಗಿ ಇಂಜಿನ್ನಿನ ಮೇಲೆ ಕೈಯಾಡಿಸುವ ಪದ್ಧತಿ ಅವನದು.

ಜಕ್ಕಪ್ಪ: ಗುರಪ್ಪಾ, ನನ್ನ ಸಂಸಾರ ನಿನ್ನ ಕೈಯಾಗ ಐತೋ ತಮ್ಮ.

ಗುರಪ್ಪ: ನನ್ನ ಕೈಯಾಗ ರಾಡ್ ಐತ್ರಿ. ಸ್ವಲ್ಪ ಸರೀರಿ, ಬಿರುಕು ಎಲ್ಲೀಮಟಾ ಹೋಗೇತಿ ನೋಡೂಣು.

ಸರಿಯುವುದಿರಲಿ, ಜಕ್ಕಪ್ಪ ಬಾಗಿಲ ಕಡೆ ನೋಡಿದವನೇ ಬ್ಲಾಕಿನ ಮೇಲೆಯೇ ಧೋತರ ಹರವಿ ಕೂತುಬಿಟ್ಟ. ಶೆಡ್ಡಿನ ಬಾಗಿಲಲ್ಲಿ ಮಲಕಾಜಪ್ಪ ನಿಂತಿದ್ದ.

ಮಲಕಾಜಪ್ಪ: ಬಸ್ ಲಗೂನ ಬಂತು. ಇಲ್ಲಿ ಸ್ಟ್ಯಾಂಡಿನ್ಯಾಗ ನಿಂತಿದ್ನಿ, ಟಂಟಂ ಗಾಡ್ಯಾಗ ಹಸಿರ ಬ್ಲಾಕ್ ಒಂದು ಈ ಕಡೆ ಬಂತು. ಏನ ಮಾಡಾಕತ್ತಿ ಅಳ್ಯಾ?

ಜಕ್ಕಪ್ಪ: ಕುಂತೇನ್ರಿ ಮಾವಾರ.

ಮಲಕಾಜಪ್ಪ: ಏಳು.

ಜಕ್ಕಪ್ಪ: ಮೊಣಕಾಲ ಹಿಡದಾವ್ರಿ.

ಮಲಕಾಜಪ್ಪ: ಏಳಂದ್ನಿ!

ಎದ್ದ. ಬಿರುಕು ಮಾವನ ಕಣ್ಣಿಗೆ ಬಿತ್ತು. ಇನ್ನು ಕೇಳಬೇಕೆ?

ಮಲಕಾಜಪ್ಪ: ಇಪ್ಪತ್ತ ವರ್ಷ ನಡಿಸೇನಿ ನಾ ಇದನ್ನ! ಒಂದ ಗೀರ ಬಿದ್ದಿದ್ದಿಲ್ಲ! ತಣ್ಣೀರ ಸುರದಿ ಹೌದಿಲ್ಲೋ? ಯಾವ ಮಬ್ಬ ಮಾಡತಾನ ಇಂಥಾ ಕೆಲಸ? ಇವತ್ತ ನನ್ನ ಮಗಳು ಮರೆವ್ವಗ ಗಂಟ ಕಟ್ಟು ಅಂತೇನಿ!

ಜಕ್ಕಪ್ಪ: ಇಂಜಿನ್ ಒಯ್ರಿ ಮಾವಾರ, ಆಕೀನ್ನ ಬಿಡ್ರಿ.

ಇದನ್ನು ಅವನು ಅಳುದನಿಯಲ್ಲೇ ಅಂದ. ಇಷ್ಟರಲ್ಲಿ ಗುರಪ್ಪ ತನ್ನ ಪಾಡಿಗೆ ತಾನು ಬ್ಲಾಕಿಗೆಲ್ಲ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದ ಪುಡಿ ತಿಕ್ಕಿದ್ದ. ಬಿರುಕಿನಲ್ಲಿ ಇಳಿದ ಎಣ್ಣೆ ಸುಣ್ಣದ ಮೇಲೆ ಗೆರೆಯಾಗಿ ಮೂಡುತ್ತದೆ. ಮೂಡಿತು. ಆದರೆ ಗೆರೆ ಎರಡಿದ್ದವು.

ಗುರಪ್ಪ: ಈ ಮಗ್ಗಲಕ ಇನ್ನೊಂದ ಐತ್ರಿ.

ಜಕ್ಕಪ್ಪ: ಅದು ನಾ ಅಲ್ರಿ! ದೇವರಾಣಿ ನಾ ಅಲ್ಲ!

ಗುರಪ್ಪ ಉಳಿಯಿಂದ ಹಸಿರು ಬಣ್ಣ ಕೆರೆದ. ಒಳಗೆ ಹಳೆಯ ಬೆಸುಗೆ.

ಗುರಪ್ಪ: ನೀವಲ್ಲ ಬಿಡ್ರಿ. ಸುತ್ತಿಗಿ ಗುರ್ತ ನೋಡ್ರಿ, ಎಡಗೈಲೆ ಬಡದದ್ದು. ಇದ ಶೆಡ್ಡಿನ್ಯಾಗ ಬೆಸೀತಿದ್ದ ನಮ್ಮಪ್ಪ ಎಡಚ ಇದ್ದ. ಯಜಮಾನ್ರ, ನಮ್ಮಪ್ಪನ ಗುರ್ತ ಐತೇನ್ರಿ ನಿಮಗ?

ಮಲಕಾಜಪ್ಪ ಶೆಡ್ಡಿನ ತಗಡು ಎಣಿಸುವವನ ಹಾಗೆ ಮೇಲೆ ನೋಡಿದ.

ಮಲಕಾಜಪ್ಪ: ಛಲೋ ಮನಿಶಾ. ಎಂದೂ ಬಾಯಿ ಬಿಡತಿದ್ದಿಲ್ಲ. ಮಗಗ ಆ ಗುಣ ಬರಲಿಲ್ಲ.

ಜಕ್ಕಪ್ಪ: ಮಾವಾರ...

ಮಲಕಾಜಪ್ಪ: ಎಷ್ಟ ಕೊಡ ಸುರದಿ?

ಜಕ್ಕಪ್ಪ: ಒಂದ್ರಿ.

ಮಲಕಾಜಪ್ಪ: ನಾ ಎರಡ.

ಇಬ್ಬರೂ ಅದೇ ಬ್ಲಾಕಿನ ಎರಡು ತುದಿಗೆ ಕುಂಡೆಯೂರಿದರು. ಹನ್ನೊಂದು ವರ್ಷದಲ್ಲಿ ಮಾವ ಅಳಿಯ ಅಷ್ಟು ಹತ್ತಿರ ಕೂತದ್ದು ಅದೇ ಮೊದಲು.

ಮಲಕಾಜಪ್ಪ: ಮರೆವ್ವಗ ಹೇಳಬ್ಯಾಡೋ. ಅಪ್ಪ ಒಡಕ ಇಂಜಿನ್ ಕೊಟ್ಟ ಅಂತ ನೊಂದಕೋತಾಳ.

ಜಕ್ಕಪ್ಪ: ನಾ ಯಾಕ ಹೇಳ್ಲಿರಿ? ನೀವೂ ಹೇಳಬ್ಯಾಡ್ರಿ ಮತ್ತ.

ಅಷ್ಟರಲ್ಲಿ ಜಕ್ಕಪ್ಪನ ಫೋನು ಬಡಿದುಕೊಂಡಿತು. ಮರೆವ್ವನೇ. ಎಣ್ಣೆಗೈಯಲ್ಲಿ ಒತ್ತಿದ್ದಕ್ಕೆ ಸ್ಪೀಕರ್ ಚಾಲೂ ಆಗಿ, ಅವಳ ದನಿ ಇಡೀ ಶೆಡ್ಡಿಗೆ ಕೇಳಿಸಿತು.

ಮರೆವ್ವ: ಗುರಪ್ಪಗ ಹೇಳ್ರಿ, ನೀವು ಒಡದದ್ದರ ಜೋಡಿ ಅಪ್ಪ ಒಡದದ್ದನ್ನೂ ಬೆಸೀ ಅಂತ. ಅದೂ ಬಾಯಿ ಬಿಟ್ಟೈತಿ.

ಮಲಕಾಜಪ್ಪ: ಅವ್ವಾ... ನಿಂಗ ಹೆಂಗ ಗೊತ್ತು?

ಮರೆವ್ವ: ಅಲ್ಲೇ ಅದಿಯೇನಪ್ಪಾ? ಎರಡನೇ ಕೊಡ ಓಡಿ ಹೋಗಿ ತಂದಕೊಟ್ಟಾಕಿ ನಾನ ಅಲ್ಲೇನ? ಇಲ್ಲಿ ಬಂದ ಮೊದಲನೇ ದಿನದಿಂದ ಸೋರತೈತಿ ಅದು. ಇವರು ಏಳೂದರೊಳಗ ದಿನಾ ಹೋಗಿ ಒರಸಾಕತ್ತೇನಿ, ಇವರು ಕಂಡ್ರ ನಿನ್ನ ಮರ್ಯಾದಿ ಹೋಗತೈತಿ ಅಂತ.

ಹನ್ನೊಂದು ವರ್ಷ! ದಿನಾ ಬೆಳಗ್ಗೆ ಗಿರಣಿಗೆ ಹೋಗಿ, ಒಣಗಿದ ನೆಲ ನೋಡಿ, ‘ನಾ ಇಟ್ಟ ಇಂಜಿನ್ ಅಂದ್ರ ಹಿಂಗಿರಬೇಕು’ ಅಂತ ಎದೆ ಉಬ್ಬಿಸಿದ್ದನ್ನು ನೆನೆದು ಜಕ್ಕಪ್ಪನಿಗೆ ನಾಚಿಕೆಯೂ ಆಯಿತು, ಹೆಂಡತಿಯ ಮೇಲೆ ಹೇಳಲಾರದಷ್ಟು ಅಕ್ಕರೆಯೂ ಬಂತು. ಮಾವ ರುಮಾಲಿನ ಸೆರಗಿನಿಂದ ಮೂಗು ಒರೆಸಿಕೊಂಡ.

ಗುರಪ್ಪ: ಅಕ್ಕಾರ, ನಾಳಿ ಸಂಜೀಕ ಕೊಡ್ತೇನ್ರಿ. ಬೀಡು ಇದು, ಮತ್ತ ಸೋರೂದಿಲ್ಲ ಅಂತ ಆಣಿ ಮಾಡಿ ಹೇಳಾಕ ಬರೂದಿಲ್ಲ ನೋಡ್ರಿ.

ಮರೆವ್ವ: ಸೋರಲೇಳೋ ತಮ್ಮ. ಮುಂಜಾನಿ ಇವರು ಒರಸ್ತಾರ. ಇವರು ಊರಿಗೆ ಹೋದಾಗ ಬೀಳಗಿಯಿಂದ ಅಪ್ಪ ಬಂದ ಒರಸ್ತಾನ.